ಅರಗಿನ ಹೊಳಪಿನ ಹಿಂದೆ

ನಿಸರ್ಗದತ್ತ ವಸ್ತುಗಳಿಂದ ರೂಪುಗೊಂಡ ಕಲೆಯೆಲ್ಲವೂ ಅಹಿಂಸಕವೆಂಬ ನಂಬಿಕೆ ಇಂದು ಬಲವಾಗಿದೆ. ಶಿಕ್ಷಕನಾಗಿದ್ದಾಗ ನಾನೂ ಮಕ್ಕಳಿಗೆ ಹಾಗೆಯೇ ಬೋಧಿಸಿದ್ದೇನೆ. ಪ್ಲಾಸ್ಟಿಕ್ ಬೇಡ, ಮರದ ಗೊಂಬೆ ಇರಲಿ ಎನ್ನುವಾಗ ಆ ಗೊಂಬೆಯ ಹೊಳಪು ಎಲ್ಲಿಂದ ಬಂತೆಂದು ವಿಚಾರಿಸಿರಲಿಲ್ಲ.

ಚನ್ನಪಟ್ಟಣದ ಗೊಂಬೆಯನ್ನೇ ನೋಡೋಣ. ಯಂತ್ರದಲ್ಲಿ ತಿರುಗುತ್ತಿರುವ ಆಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಸುಂದರವಾದ ಕೆಲಸ. ಆದರೆ ಅರಗು ಮರದ ಅಂಟಲ್ಲ. ಮುತ್ತುಗ, ಬೋರೆ ಮುಂತಾದ ಮರಗಳ ರಸ ಹೀರಿ ಬದುಕುವ ಸೂಕ್ಷ್ಮ ಕೀಟಗಳು ತಮ್ಮ ಮೈಸುತ್ತ ಕಟ್ಟಿಕೊಂಡ ಮನೆ ಅದು. ಕೊಂಬೆ ಕಡಿದು, ಕೆರೆದು, ತೊಳೆದು, ಕಾಯಿಸುವಷ್ಟರಲ್ಲಿ ಲೆಕ್ಕವಿಲ್ಲದಷ್ಟು ತ್ರಸಜೀವಿಗಳು ಅಳಿದಿರುತ್ತವೆ. 12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ 15 ವೃತ್ತಿಗಳನ್ನು ಹೇಳುತ್ತಾರೆ. ಅವುಗಳಲ್ಲಿ ದಂತವಾಣಿಜ್ಯದ ಜೊತೆಗೆ ಲಾಕ್ಷಾವಾಣಿಜ್ಯವೂ ಇದೆ. ಆನೆಯ ದಂತಕ್ಕೆ ಮರುಗುವ ನಾವು ಅರಗಿನ ಹುಳುವನ್ನು ಮರೆತಿದ್ದೇವೆ.

ಇದು ಕುಶಲಕರ್ಮಿಯ ಮೇಲಿನ ದೂರಲ್ಲ, ಕೊಳ್ಳುವವರು ನಾವು. ರಾಸಾಯನಿಕ ಬಣ್ಣಕ್ಕೆ ಮರಳೋಣವೆಂಬ ವಾದವೂ ಅಲ್ಲ. ಅದು ಹಳ್ಳ ಸೇರಿದರೆ ಮೀನು ಕಪ್ಪೆಗಳಿಗೆ ಕೇಡು. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎನ್ನುತ್ತದೆ ತತ್ತ್ವಾರ್ಥಸೂತ್ರ. ಗೃಹಸ್ಥನಿಗೆ ಏಕೇಂದ್ರಿಯ ಜೀವಿಗಳ ಹಿಂಸೆಯನ್ನು ಪೂರ್ಣವಾಗಿ ತಪ್ಪಿಸಲಾಗದು. ಆದರೆ ‘ಪರಿಸರಸ್ನೇಹಿ’ ಎಂಬ ಚೀಟಿ ನೋಡಿ ವಿಚಾರವನ್ನೇ ನಿಲ್ಲಿಸುವುದೂ ಪ್ರಮಾದವೇ ಎಂದು ನನ್ನ ಅಭಿಪ್ರಾಯ.

ಬೇರೆ ದಾರಿಗಳಿವೆ. ಕಿನ್ನಾಳದ ಕಲಾವಿದರು ಹುಣಸೆಬೀಜದ ಅಂಟು ಬಳಸುತ್ತಾರೆ. ಬಸದಿಯಲ್ಲಿ ಸಿದ್ಧಚಕ್ರ ಆರಾಧನೆಯ ಮಂಡಲಕ್ಕೆ ಅಂಗಡಿಯ ಬಣ್ಣದ ಪುಡಿ ಬೇಕೇ ಬೇಕೆಂದಿಲ್ಲ. ಅಕ್ಕಿಗೆ ಅರಿಶಿನ ಹಚ್ಚಿದರೆ ಹಳದಿಯಾಯಿತು. ಅರಿಶಿನಕ್ಕೆ ತುಸು ಸುಣ್ಣದ ತಿಳಿ ಸೇರಿಸಿದರೆ ಕೆಂಪು. ಹಸಿರಿಗಾಗಿ ಎಲೆ ತರಿಯುವ ಬದಲು ಆ ಮನೆಯನ್ನು ಬಿಳಿಯ ಅಕ್ಕಿಯಿಂದಲೇ ತುಂಬಿದರೆ ಭಕ್ತಿಗೇನೂ ಕೊರತೆಯಾಗದು, ಹಿರಿಯರು ಒಪ್ಪಿದರೆ!

ರಂಗೋಲಿಯ ವಿಷಯದಲ್ಲಂತೂ ನಾನು ಮನೆಯಲ್ಲಿಯೇ ಪಾಠ ಕಲಿತೆ. ಹಿಟ್ಟಿನ ರಂಗೋಲಿ ಇರುವೆಗೆ ಅನ್ನವೆಂದು ಹೊಸ್ತಿಲ ಮುಂದೆ ಹಾಕಿಸಿದೆ. ಇರುವೆಗಳು ಬಂದವು, ಓಡಾಡುವವರ ಕಾಲಡಿಯಲ್ಲಿ ಸತ್ತವು. ಈಗ ಬಾಗಿಲಿಗೆ ಕಲ್ಲಿನ ಪುಡಿಯ ರಂಗೋಲಿ. ಹಿಟ್ಟಿನದು ಹಿತ್ತಲಿನ ಗೋಡೆಯ ಬದಿಗೆ, ಯಾರೂ ತುಳಿಯದ ಕಡೆ.