ಮೂಲಮಾನವಿಲ್ಲದ ಎಣಿಕೆ

ಧಾರವಾಡದ ಪೇಟೆಯಲ್ಲಿ ‘ಜೋಳ ಎಂಟು ಕೊಡಿರಿ’ ಎಂದರೆ, ಸೇರೋ ಕಿಲೋವೋ ಎಂದು ಅಂಗಡಿಕಾರನು ಕೇಳದೆ ಬಿಡನು. ‘ವೇಗ 8’ ಎಂದಷ್ಟೇ ಬರೆದ ಉತ್ತರಕ್ಕೆ ನಾವೂ ಅಂಕ ಕಡಿಯುವೆವು. ಗಣಕದ ಕಡತಗಳನ್ನು ಕಾಯ್ದಿರಿಸುವ ವ್ಯವಸ್ಥೆಗಳನ್ನು ಬರೆಯುವವರಲ್ಲಿ ಈ ಎಚ್ಚರ ಸಾಲದು. ಲಿನಕ್ಸಿಗಾಗಿ 1993ರಲ್ಲಿ ಬಂದ ‘ಎಕ್ಸ್ಟ್-2’ ವ್ಯವಸ್ಥೆಯನ್ನು ನೋಡಿರಿ. ಅದರ ಮೂಲಸಂಕೇತದಲ್ಲಿ ‘ಬ್ಲಾಕುಗಳ ಎಣಿಕೆ’ ಎಂಬ ಒಂದೇ ಟಿಪ್ಪಣಿ ಎರಡೆಡೆ ಇದೆ. ಇಡೀ ವ್ಯವಸ್ಥೆಯ ಲೆಕ್ಕದಲ್ಲಿ ಬ್ಲಾಕೆಂದರೆ ಸಾಮಾನ್ಯವಾಗಿ 4096 ಬೈಟು; ಒಂದೊಂದು ಕಡತದ ಲೆಕ್ಕದಲ್ಲಾದರೋ 512 ಬೈಟು! ಟಿಪ್ಪಣಿಯನ್ನು ನಂಬಿ ಗುಣಿಸಿದ ವಿದ್ಯಾರ್ಥಿಗೆ 4096 ಬೈಟುಗಳ ಕಡತವು 32768 ಬೈಟುಗಳಾಗಿ ತೋರುವುದು. ಹೆಸರನ್ನು ಬದಲಿಸಿದರೆ ಅದನ್ನು ಬಳಸುವ ಸಾಲುಗಳನ್ನೆಲ್ಲ ತಿದ್ದಬೇಕಾದೀತು, ನಿಜ. ಟಿಪ್ಪಣಿಗೆ ಆ ತೊಡಕಿಲ್ಲ. ಅದಿರುವುದೇ ಮನುಷ್ಯರ ಓದಿಗಾಗಿ. ಹೆಸರನ್ನೇ ಮರುನುಡಿಯುವ ಬದಲು ಅಲ್ಲಿ ‘512 ಬೈಟುಗಳ ಬ್ಲಾಕು’ ಎಂದು ಬರೆದಿದ್ದರೆ ಸಾಕಿತ್ತು.