ಮರಳಿ ಬಂದವರು

1784ರಲ್ಲಿ ಟೀಪೂ ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರು ಸಾವಿರಗಟ್ಟಲೆ ಸೆರೆಯಾಗಿ, ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿ ಅಳಿದವರೆಷ್ಟೋ! ಉಳಿದವರಲ್ಲಿ ಅನೇಕರನ್ನು ಬಲಾತ್ಕಾರದಿಂದ ಇಸ್ಲಾಮಿಗೆ ಸೇರಿಸಲಾಯಿತು. 1799ರಲ್ಲಿ ಪಟ್ಟಣ ಬಿದ್ದಿತು. ಹದಿನೈದು ವರ್ಷ ಬೇರೆ ಹೆಸರಿನಿಂದ ಬಾಳಿದವರು ಮತ್ತೆ ಇಗರ್ಜಿಯ ಬಾಗಿಲಿಗೆ ಬಂದಾಗ, ಅವರ ರಕ್ಷಣೆ ಉಳಿದಿತ್ತೇ, ಕಳೆದುಹೋಗಿತ್ತೇ?

ಪ್ರಶ್ನೆ ಹಳೆಯದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಷಿಯಸನಿಗೆ ಅಂಜಿ ಅನ್ಯದೇವತೆಗಳಿಗೆ ಬಲಿಯರ್ಪಿಸಿದ ಕ್ರೈಸ್ತರಿಗೆ ಸಭೆಯಲ್ಲಿ ಕ್ಷಮೆಯಿಲ್ಲವೆಂದು ನೊವೇಷಿಯನ್ ಪಟ್ಟು ಹಿಡಿದನು. ಪ್ರಾಯಶ್ಚಿತ್ತವುಂಟೆಂದು ಕಾರ್ತೇಜಿನ ಬಿಷಪ್ ಸಿಪ್ರಿಯನ್ ಹೇಳಿದನು. ನಿಂತದ್ದು ಸಿಪ್ರಿಯನ್ನನ ಮಾತು. (ಕೋಳಿ ಕೂಗುವ ಮುನ್ನ ಮೂರು ಬಾರಿ ಗುರುವನ್ನು ಅರಿಯೆನೆಂದ ಪೇತ್ರನೇ ಸಭೆಯ ಹಿರಿಯನಾಗಲಿಲ್ಲವೆ?) ನಿಜವಾಗಿ ಆಯ್ಕೆಯಾದವನು ಎಂದಿಗೂ ಪೂರ್ಣವಾಗಿ ಜಾರನೆಂಬುದು ಕಾಲ್ವಿನನ ಅನುಯಾಯಿಗಳ ಮತ. ಕ್ಯಾಥೊಲಿಕರ ಮತದಲ್ಲಿ ರಕ್ಷಣೆ ಕಳೆಯಬಹುದು, ದೀಕ್ಷಾಸ್ನಾನದ ಮುದ್ರೆ ಮಾತ್ರ ಅಳಿಯದು. ಆದುದರಿಂದ ಮರಳಿದವನಿಗೆ ಎರಡನೆಯ ಸ್ನಾನವಿಲ್ಲ, ಪಾಪನಿವೇದನೆ ಸಾಕು.

ಮೈಸೂರು ಸೀಮೆಯಲ್ಲಿ ಇಂಥವರನ್ನು ಸೇರಿಸಿಕೊಂಡವನು ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್. ತೊರೆದದ್ದು ಹೊರಗಷ್ಟೇ, ಒಳಗಿನ ವಿಶ್ವಾಸ ಉಳಿದಿತ್ತೆಂದು ಅವರು ಹೇಳಿಕೊಂಡರಂತೆ. ಆದರೂ ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಹುತಾತ್ಮನಾಗಲಿಲ್ಲವೆಂದು, 1823ರಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ ಆತನು ಹಳಿದನು. ಹೆಂಡಿರು ಮಕ್ಕಳೊಡನೆ ಆ ಸೆರೆಯನ್ನು ಕಾಣದವನ ಮಾತು ಇದು. ತುಸು ನಿಷ್ಠುರವೇ ಸರಿ. ಮಂಗಳೂರಿನ ಕಡೆಗೆ ಹಿಂದಿರುಗಿದವರು 20,000ದ ಹತ್ತಿರವೆಂಬುದೂ ಆತನದೇ ಲೆಕ್ಕ.