ಆಯಿಲ್ ಹೆಚ್ಚಾದರೆ ಎಂಜಿನ್‌ಗೆ ಆಯಿಲ್ ಬರ



"ಇರ್ಲಿ, ಒಂಚೂರು ಜಾಸ್ತಿನೇ ಹಾಕು." ಈ ಮಾತನ್ನು ನೀವು ಅಡುಗೆಮನೆಯಲ್ಲಿ ಕೇಳಿರುತ್ತೀರಿ, ಹೊಲದಲ್ಲಿ ಕೇಳಿರುತ್ತೀರಿ, ಗ್ಯಾರೇಜಿನಲ್ಲೂ ಕೇಳಿರುತ್ತೀರಿ. ಕಡಿಮೆಯಾದರೆ ತೊಂದರೆ, ಹೆಚ್ಚಾದರೆ ಏನೂ ಆಗೋದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಎಂಜಿನ್ ಆಯಿಲ್ ವಿಷಯದಲ್ಲಿ ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಅತಿ ವೇಗವಾಗಿ ತಿರುಗುವ ಸ್ಪೋರ್ಟ್ಸ್ ಕಾರಿನ ಎಂಜಿನ್‌ನಲ್ಲಂತೂ ಈ ತಪ್ಪು ಬಹಳ ದುಬಾರಿ. ಅಂಥ ಕಾರು ನಮ್ಮ ಊರಿನ ರಸ್ತೆಯಲ್ಲಿ ಕಾಣಸಿಗುವುದು ಅಪರೂಪ, ನಿಜ. ಆದರೆ ಅದರೊಳಗಿನ ವಿಜ್ಞಾನ ನಿಮ್ಮ ಮನೆಯ ಬೈಕಿನಲ್ಲೂ ಪಕ್ಕದ ಮನೆಯ ಟ್ರ್ಯಾಕ್ಟರಿನಲ್ಲೂ ಇದೆ.

ಮೊದಲು ಆಯಿಲ್‌ನ ಕೆಲಸ ನೋಡೋಣ. ಪಿಸ್ಟನ್‌ನ ಮೇಲೆ-ಕೆಳಗಿನ ಓಟವನ್ನು ತಿರುಗುವ ಚಲನೆಯಾಗಿ ಬದಲಿಸುವುದು ಕ್ರ್ಯಾಂಕ್‌ಶಾಫ್ಟ್. ಅದು ಬೇರಿಂಗ್‌ಗಳ ಒಳಗೆ ತಿರುಗುತ್ತದೆ. ಆದರೆ ಲೋಹಕ್ಕೆ ಲೋಹ ತಾಗುವುದಿಲ್ಲ. ನಡುವೆ ಆಯಿಲ್‌ನ ಪದರ ಇರುತ್ತದೆ. ಅದರ ದಪ್ಪ ಕೆಲವೇ ಮೈಕ್ರೋಮೀಟರ್, ನಿಮ್ಮ ತಲೆಕೂದಲಿಗಿಂತ ಎಷ್ಟೋ ತೆಳು. ಪಂಪು ಒತ್ತಡದಲ್ಲಿ ಆಯಿಲ್ ಕಳಿಸುತ್ತಾ ಇದ್ದರೆ ಮಾತ್ರ ಆ ಪದರ ಉಳಿಯುತ್ತದೆ. ಕೆಲಸ ಮುಗಿಸಿದ ಆಯಿಲ್ ಎಂಜಿನ್‌ನ ತಳದಲ್ಲಿರುವ ಬೋಗುಣಿಗೆ ಇಳಿಯುತ್ತದೆ. ಅದಕ್ಕೂ ಹೆಸರು ಸಂಪ್, ನಮ್ಮ ನೀರಿನ ಸಂಪಿನ ಹಾಗೆಯೇ. ಪಂಪು ಅಲ್ಲಿಂದಲೇ ಮತ್ತೆ ಹೀರುತ್ತದೆ.

ಈ ಸಂಪಿನ ಮೇಲೆಯೇ ಕ್ರ್ಯಾಂಕ್‌ಶಾಫ್ಟ್ ತಿರುಗುತ್ತಿರುತ್ತದೆ. ಅದರ ತೂಕದ ಗುಂಡುಗಳ ಅಂಚು ಕೇಂದ್ರದಿಂದ 7 ಸೆಂಟಿಮೀಟರ್ ದೂರದಲ್ಲಿದೆ ಅಂತ ಇಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 6000 ಸುತ್ತು ಹೊಡೆದರೆ ಸೆಕೆಂಡಿಗೆ 100 ಸುತ್ತು. ವೃತ್ತದ ಪರಿಧಿಯ ಸೂತ್ರ ಹಾಕಿ: 2 × 3.14 × 0.07 × 100. ಉತ್ತರ ಸೆಕೆಂಡಿಗೆ ಸುಮಾರು 44 ಮೀಟರ್, ಅಂದರೆ ಗಂಟೆಗೆ 158 ಕಿಲೋಮೀಟರ್! ಕೆಲವು ಸ್ಪೋರ್ಟ್ಸ್ ಕಾರುಗಳ ಎಂಜಿನ್ 9000 ಸುತ್ತಿನ ತನಕ ಹೋಗುತ್ತದೆ. ಆ ಲೆಕ್ಕ ನೀವೇ ಮಾಡಿ.

ಆಯಿಲ್ ಮಟ್ಟ ಏರಿ ಈ ಗುಂಡುಗಳಿಗೆ ತಾಗಿದರೆ ಏನಾಗುತ್ತೆ? ಅಜ್ಜಿ ಕಡೆಗೋಲಿನಿಂದ ಮಜ್ಜಿಗೆ ಕಡೆಯುವುದನ್ನು ನೆನಪಿಸಿಕೊಳ್ಳಿ. ಗಡಿಗೆ ತುಂಬಾ ತುಂಬಿದ್ದರೆ ಹೊರಗೆ ಸಿಡಿಯುತ್ತದೆ, ಮೇಲೆಲ್ಲ ನೊರೆ ಬರುತ್ತದೆ. ಎಂಜಿನ್ ಒಳಗೂ ಅದೇ ನಡೆಯುತ್ತದೆ, ಆದರೆ ನೂರಾರು ಪಟ್ಟು ಜೋರಾಗಿ. ಆಯಿಲ್ ಕಡೆಯುವುದಕ್ಕೇ ಒಂದಿಷ್ಟು ಶಕ್ತಿ ಹೋಗುತ್ತದೆ, ಆಯಿಲ್ ಬಿಸಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ನೊರೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಎನ್ನಬಹುದು, ಗಾಳಿಗುಳ್ಳೆ ಕುಗ್ಗುತ್ತದೆ. ಪಂಪು ಗಾಳಿ ಬೆರೆತ ಆಯಿಲ್ ಹೀರಿದರೆ ಒತ್ತಡ ಬೀಳುತ್ತದೆ, ಬೇರಿಂಗಿನ ಪದರ ಹರಿಯುತ್ತದೆ, ಲೋಹ ಲೋಹವನ್ನು ಉಜ್ಜುತ್ತದೆ. ಆಯಿಲ್ ಕಡಿಮೆಯಾದಾಗ ಆಗುವುದೂ ಇದೇ ಅಲ್ವೇ? ಹೆಚ್ಚು ಸುರಿದವರು ಕೊನೆಗೆ ಎಂಜಿನ್‌ಗೆ ಆಯಿಲ್ ಬರವನ್ನೇ ತಂದಿಟ್ಟಂತಾಯಿತು.

ಇನ್ನೊಂದು ದಾರಿಯಲ್ಲೂ ಹಾನಿ ಬರುತ್ತದೆ. ಎಂಜಿನ್‌ನ ಒಳಗಿನ ಆವಿ ಹೊರಹೋಗಲು ಒಂದು ಕೊಳವೆ ಇದೆ. ಅದು ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೇ ಸೇರುತ್ತದೆ. ಹೆಚ್ಚಾದ ಆಯಿಲ್ ತುಂತುರಾಗಿ ಆ ಕೊಳವೆ ಹಿಡಿದು ಸಿಲಿಂಡರಿಗೆ ಹೋಗಿ ಸುಡುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ ಮೇಲೆ ಕಿಟ್ಟ ಕಟ್ಟುತ್ತದೆ. ಆಯಿಲ್‌ನಲ್ಲಿರುವ ರಂಜಕದ ಅಂಶ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು ಅದನ್ನು ನಿಧಾನಕ್ಕೆ ಕೆಡಿಸುತ್ತದೆ.

ಹಾಗಾದರೆ ಜನ ಯಾಕೆ ಹೆಚ್ಚು ಹಾಕುತ್ತಾರೆ? ಬಹಳ ಸಲ ಅದು ಅಜಾಗರೂಕತೆಯಲ್ಲ, ತಪ್ಪು ಸ್ಥಿತಿಯಲ್ಲಿ ಮಾಡಿದ ಅಳತೆ. ಇದಕ್ಕೆ ಜರ್ಮನಿಯ ಪೋರ್ಷೆ 911 ಒಳ್ಳೆಯ ಉದಾಹರಣೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿದ ಈ ಕಾರಿನ ಎಂಜಿನ್ 1998ರ ತನಕ ಗಾಳಿಯಿಂದ ತಂಪಾಗುತ್ತಿತ್ತು. ರೇಡಿಯೇಟರಿನ ನೀರು ಇಲ್ಲದ್ದರಿಂದ ತಂಪು ಮಾಡುವ ಕೆಲಸದಲ್ಲಿ ಆಯಿಲ್‌ಗೂ ದೊಡ್ಡ ಪಾಲು. ಆಯಿಲ್ ತಳದ ಸಂಪಿನಲ್ಲಿ ನಿಲ್ಲುವುದಿಲ್ಲ, ಬೇರೆಯೇ ಟ್ಯಾಂಕಿನಲ್ಲಿರುತ್ತದೆ. ಒಂದು ಪಂಪು ಟ್ಯಾಂಕಿನಿಂದ ಎಂಜಿನ್‌ಗೆ ಕಳಿಸುತ್ತದೆ, ಇನ್ನೊಂದು ತಳಕ್ಕೆ ಇಳಿದದ್ದನ್ನು ಎಳೆದು ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಇದಕ್ಕೆ ಡ್ರೈ ಸಂಪ್ ಎನ್ನುತ್ತಾರೆ.

ಕಾರು ನಿಂತೇ ಇದ್ದರೆ ಟ್ಯಾಂಕಿನ ಆಯಿಲ್ ಮೆಲ್ಲಗೆ ಎಂಜಿನ್ ಒಳಗೆ ಜಿನುಗುತ್ತದೆ. ಆಗ ಟ್ಯಾಂಕಿಗೆ ಡಿಪ್‌ಸ್ಟಿಕ್ ಹಾಕಿ ತೆಗೆದರೆ ತುದಿ ಒಣಗಿರಲೂಬಹುದು. "ಅಯ್ಯೋ, ಆಯಿಲ್ಲೇ ಇಲ್ಲ!" ಅಂತ ಒಂದೆರಡು ಲೀಟರ್ ಸುರಿದರೆ ಕೆಲಸ ಕೆಟ್ಟಿತು. ಎಂಜಿನ್ ಸ್ಟಾರ್ಟ್ ಆದ ಮೇಲೆ ಒಳಗಿದ್ದದ್ದೆಲ್ಲ ಟ್ಯಾಂಕಿಗೆ ಮರಳುತ್ತದೆ. ಬಿಸಿಗೆ ಹಿಗ್ಗುತ್ತದೆ ಕೂಡ. 10 ಲೀಟರ್ ಆಯಿಲ್ 20 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ಹತ್ತಿರ ಹತ್ತಿರ ಅರ್ಧ ಲೀಟರ್ ಹಿಗ್ಗುತ್ತದೆ. ಜಾಗ ಸಾಲದೆ ಅದು ಏರ್ ಫಿಲ್ಟರ್ ಕಡೆಗೆ ಉಕ್ಕುತ್ತದೆ. ಅದಕ್ಕೇ ಈ ಹಳೆಯ 911ರ ನಿಯಮ: ಸಮತಟ್ಟು ನೆಲ, ಚೆನ್ನಾಗಿ ಬಿಸಿಯಾದ ಎಂಜಿನ್, ಅದೂ ನಿಧಾನವಾಗಿ ಓಡುತ್ತಿರುವಾಗಲೇ ಅಳತೆ. ನಮ್ಮ ಸಾಮಾನ್ಯ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಕಾದು ಅಳೆಯಬೇಕು. ಅಳೆಯುವ ಕಡ್ಡಿ ಒಂದೇ ಬಗೆಯದು, ನಿಯಮ ಮಾತ್ರ ತದ್ವಿರುದ್ಧ!

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ. ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಗುರುತ್ವದಷ್ಟೇ ವೇಗೋತ್ಕರ್ಷ ಪಡೆದರೆ ಆಯಿಲ್‌ನ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಪಂಪಿನ ಹೀರುಕೊಳವೆಗೆ ಆಯಿಲ್ ಸಿಗದೆ ಹೋಗಬಹುದು. ಹಾಗಾಗಿ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದಲ್ಲವೇ? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಉತ್ತರ ಡಬ್ಬಿಯಲ್ಲಿಲ್ಲ, ವಿನ್ಯಾಸದಲ್ಲಿದೆ. ಸಂಪಿನೊಳಗೆ ತಡೆಗೋಡೆಗಳನ್ನು ಇಡುವುದು, ಡ್ರೈ ಸಂಪ್ ಮಾಡುವುದು ಇದಕ್ಕಾಗಿಯೇ. ಮೇಲಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿದ ಮಾತ್ರಕ್ಕೆ ಎಂಜಿನ್ ಒಡೆದುಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆಯಿಲ್ ಕಡಿಮೆ ಇದ್ದರೂ ಅಪಾಯವೇ. ಗೆರೆಗಳು ಎರಡು ಇರುವುದು ಅದಕ್ಕೇ.

ಡೀಸೆಲ್ ಎಂಜಿನ್ ಬಗ್ಗೆ ಒಂದು ಎಚ್ಚರಿಕೆ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಡ. ಗಾಳಿಯ ದಾರಿಯಲ್ಲಿ ಆಯಿಲ್ ಬಂದರೆ ಅದನ್ನೇ ಇಂಧನ ಮಾಡಿಕೊಂಡು ಅಂಕೆ ತಪ್ಪಿ ಓಡಬಹುದು. ಕೀಲಿ ತಿರುಗಿಸಿದರೂ ನಿಲ್ಲದು, ಗಾಳಿ ತಡೆದರೆ ಮಾತ್ರ ನಿಂತೀತು. ಅಂಥದ್ದು ಕಂಡರೆ ನೀವು ಹತ್ತಿರ ಹೋಗಬೇಡಿ, ದೂರ ಸರಿದು ದೊಡ್ಡವರನ್ನು ಕೂಗಿ.

ವಿಜ್ಞಾನದ ಪಾಠದಲ್ಲಿ ನಾವು ಅಳತೆಯ ಅಂಕಿಗೆ ಅಂಕ ಕೊಡುತ್ತೇವೆ. ಯಾವ ಸ್ಥಿತಿಯಲ್ಲಿ ಅಳೆದಿರಿ ಅಂತ ಕೇಳುವುದು ಕಡಿಮೆ. ಅದನ್ನೂ ಕೇಳಬೇಕು, ಅದಕ್ಕೂ ಅಂಕ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಪಾರದರ್ಶಕ ಬಾಟಲಿಗೆ ಅರ್ಧ ನೀರು ತುಂಬಿ, ಮಟ್ಟಕ್ಕೆ ಗೆರೆ ಎಳೆದು, ಓರೆ ಮಾಡಿ ನೋಡಿ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಬೈಕನ್ನು ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಆಯಿಲ್ ನೋಡಿದರೆ ಆಗುವ ತಪ್ಪು ಇದೇ.

ಮುಂದಿನ ಸಲ ಮನೆಯಲ್ಲಿ ಯಾರಾದರೂ ಆಯಿಲ್ ಡಬ್ಬಿ ತೆರೆದರೆ ಮೂರು ಪ್ರಶ್ನೆ ಕೇಳಿ. ಗಾಡಿ ಸಮತಟ್ಟಾಗಿ ನಿಂತಿದೆಯಾ? ಎಂಜಿನ್ ಬಿಸಿಯೋ ತಣ್ಣಗೋ, ಓಡುತ್ತಿರಬೇಕೋ ನಿಂತಿರಬೇಕೋ? ಕೈಪಿಡಿಯಲ್ಲಿ ಏನು ಬರೆದಿದೆ? ಕೈಪಿಡಿ ಕನ್ನಡದಲ್ಲಿ ಇಲ್ಲದಿದ್ದರೆ ಆ ಪುಟ ಶಾಲೆಗೆ ತನ್ನಿ, ಮೇಷ್ಟ್ರ ಜೊತೆ ಕೂತು ಓದೋಣ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲ ಅಳೆಯಿರಿ. ಹೆಚ್ಚಾಗಿಬಿಟ್ಟಿದ್ದರೆ "ಇರ್ಲಿ ಬಿಡು" ಅನ್ನಬೇಡಿ. ಗಾಡಿ ಓಡಿಸುವ ಮೊದಲೇ ಹೆಚ್ಚಿನದನ್ನು ಮೆಕ್ಯಾನಿಕ್ ಹತ್ತಿರ ತೆಗೆಸಿ.